ಇನ್ನೊಂದು ಹಾಳೆ

ಆ ದೊಡ್ಡ ಕಾಲೇಜಿನವರು ಗುಳೇದಗುಡ್ಡಕ್ಕೆ ಬಂದದ್ದು ಬುಧವಾರ,
ಓಣಿಯ ಮಗ್ಗಗಳು ಲಟಪಟ ಹತ್ತಿದ ಹೊತ್ತಿಗೆ.
ಇಬ್ಬರು. ಒಬ್ಬಾಕೆಯ ರವಿಕೆ ನಮ್ಮೂರ ಖಣದ್ದೇ,
ಹೊಲಿಗೆಯ ದರ ಕೇಳಿ ನಮ್ಮ ಜವಾನ ದ್ಯಾಮಣ್ಣ
ಚಹಾದ ತಾಟು ಕೆಳಗಿಟ್ಟ.

"ಎಲ್ಲ ಥರದ ಮನೆಗಳ ಮಕ್ಕಳೂ ಬೇಕು ನಮಗೆ" ಎಂದರು.
ಕಣ್ಣಲ್ಲಿ ಸುಳ್ಳಿರಲಿಲ್ಲ.
ಲಕ್ಷದ ಒಳಗಿನವರು ಮೂವರು,
ಎರಡೂವರೆಯ ಒಳಗೆ ಇಬ್ಬರು, ಮೇಲಿನವರು ಎಷ್ಟಾದರೂ.
ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗಲ್ಲ, ಮೆಲ್ಲಗೆ,
ಆಸ್ಪತ್ರೆಯಲ್ಲಿ ರಕ್ತದ ಗುಂಪು ಕೇಳಿದ ಹಾಗೆ.

ಆದಾಯ ಪ್ರಮಾಣಪತ್ರಗಳನ್ನು ತೆಗೆದಿಟ್ಟೆ.
ನೂಲಿನ ಅಂಗಡಿಯವರ ಮಗನದು ನಲವತ್ತು ಸಾವಿರ,
ನೇಯುವವರ ಮಗಳದು ಅರವತ್ತು.
ನಾಡಕಚೇರಿಯ ಕಾಗದದಲ್ಲಿ
ನಮ್ಮೂರ ಸಾಹುಕಾರರಷ್ಟು ಬಡವರು ಯಾರೂ ಇಲ್ಲ.

ಶಾಕಂಬರಿ ಬಣ್ಣದ. ಗಣಿತ ನೂರಕ್ಕೆ ತೊಂಬತ್ತೇಳು.
"ಖಣದ ಕುಸುರಿ ನೋಡಿ ನೋಡಿಯೇ ನಿನಗೆ ಗಣಿತ ಬಂತೇನಮ್ಮ?"
"ಇಲ್ರಿ. ಕಡ್ಲಿಮಟ್ಟಿ ಸರ್ ನೋಟ್ಸಿನಿಂದ."
"ಮಗ್ಗದ ಮುಂದೆ ಒಂದು ಫೋಟೊ?"
"ಮಗ್ಗ ಅಪ್ಪಂದ್ರಿ. ನನಗ ನೇಯಾಕ ಬರಂಗಿಲ್ಲ."

ಆಮೇಲೆ ಹಾಳೆ ಕೊಟ್ಟರು:
ನಿಮ್ಮ ಬದುಕಿನ ಅತಿ ಕಷ್ಟದ ದಿನ ಯಾವುದು?
ಅದರಿಂದ ಏನು ಕಲಿತಿರಿ?
ಐನೂರು ಪದ ಮೀರಬಾರದು.

ಬಗ್ಗಿ ಅವಳ ಕಿವಿಯಲ್ಲಿ ಅಂದೆ:
ಅವ್ವನ ಆಪರೇಷನ್ ಬರಿ. ಓಲೆ ಒತ್ತೆ ಇಟ್ಟದ್ದು ಬರಿ.
ಹೇಗೆ ಬರೆಯಬೇಕು ನನಗೆ ಗೊತ್ತದೆ.

ಧಾರವಾಡ, ತೊಂಬತ್ತೊಂದನೆಯ ಇಸವಿ. ಮೇಜಿನಾಚೆ ಐವರು.
ಇಳಕಲ್ಲಿನ ಕಲ್ಲುಕ್ವಾರಿಯಲ್ಲಿ ಅಪ್ಪ ಸತ್ತದ್ದು ಹೇಳಿದೆ.
ಬುತ್ತಿ ಇನ್ನೂ ಬಿಚ್ಚಿರಲಿಲ್ಲ ಎಂದೆ.
ಆ ಮಾತಿಗೆ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.
ಹಾಸ್ಟೆಲಿನ ಸೀಟು ಸಿಕ್ಕಿತು, ಉಚಿತ.
ಆಮೇಲೆ ಎಲ್ಲಿ ಹೇಳಿದರೂ ಅದೇ ಬುತ್ತಿ, ಅದೇ ಗಂಟು.
ಕೊನೆಕೊನೆಗೆ ಅವ್ವನೂ ಹಾಗೇ ಹೇಳತೊಡಗಿದಳು.
ಅವನು ಅವತ್ತು ಉಂಡಿದ್ದನೋ ಇಲ್ಲವೋ
ಈಗ ಕೇಳಲಿಕ್ಕೆ ಯಾರೂ ಇಲ್ಲ.

ಶಾಕಂಬರಿ ಬರೆಯಲಿಲ್ಲ. ಕೈ ಎತ್ತಿದಳು.
"ಪೂರಾ ಫೀ ಕಟ್ಟೋರಿಗೂ ಇದ ಪ್ರಶ್ನೆ ಏನ್ರಿ?"
ಖಣದ ರವಿಕೆಯಾಕೆ ತಡೆದಳು. "ಇಲ್ಲ. ಅವರಿಗೆ ಬೇರೆ ಹಾಳೆ."
"ಅದರಾಗ ಏನ್ ಕೇಳ್ತೀರಿ?"
ಆಕೆ ಚೀಲದಿಂದ ತೆಗೆದು, ತಾನೇ ಮೊದಲ ಸಲ ನೋಡಿದಂತೆ ಓದಿದಳು:
ಯಾರೂ ಹೇಳದಿದ್ದರೂ
ಹೊತ್ತು ಹೋದದ್ದು ತಿಳಿಯದೆ ನೀವು ಮಾಡುವ ಕೆಲಸ ಯಾವುದು?

"ಅದನ್ನ ಕೊಡ್ರಿ" ಅಂದಳು.

ಹೊರಗೆ ಮಗ್ಗಗಳ ಸದ್ದು. ದ್ಯಾಮಣ್ಣ ಬಾಗಿಲಿಗೆ ಆತುಕೊಂಡೇ ನಿಂತಿದ್ದ.
ಆಕೆ ಕೊಟ್ಟಳು.

ಬರೆದದ್ದು ಒಂದೂವರೆ ಪುಟ.
ಬಸ್ಸಿನ ಟಿಕೆಟ್ಟಿನ ನಂಬರು ಒಡೆಯುತ್ತಾಳಂತೆ,
ಎರಡರಿಂದ, ಮೂರರಿಂದ, ಹನ್ನೊಂದರಿಂದ.
ಹೆಣ್ಣುಮಕ್ಕಳಿಗೆ ರೊಕ್ಕವಿಲ್ಲದ ಟಿಕೆಟ್ಟು, ಆದರೂ ನಂಬರಿರುತ್ತದೆ.
ಯಾವುದರಿಂದಲೂ ಒಡೆಯದವನ್ನು
ಬೇರೆ ಡಬ್ಬಿಯಲ್ಲಿ ಇಟ್ಟಿದ್ದಾಳೆ.
ಇವತ್ತಿಗೆ ಅರವತ್ತೊಂದು.
ಅಪ್ಪನ ಹೆಸರು ಎಲ್ಲಿಯೂ ಇರಲಿಲ್ಲ.
ಅವ್ವ ಒಂದು ಕಡೆ ಬರುತ್ತಾಳೆ, ಡಬ್ಬಿ ಅವಳ ಕುಂಕುಮದ್ದು.

ಸೇರಿಸಿಕೊಂಡರೋ ಇಲ್ಲವೋ, ಪತ್ರ ಇನ್ನೂ ಬಂದಿಲ್ಲ.
ಕೇಳಿದ್ದು ಬಿಟ್ಟು ಬೇರೆ ಬರೆದವಳು, ಏನಾಗುತ್ತದೋ.
ನೂಲಿನ ಅಂಗಡಿಯ ಹುಡುಗ ಮಾತ್ರ
ಕಷ್ಟದ ದಿನ ಬಹಳ ಚಂದ ಬರೆದಿದ್ದ.

ಅವತ್ತು ಸಂಜೆ ಬದಾಮಿ ಬಸ್ಸಿನಲ್ಲಿ
ನನ್ನ ಟಿಕೆಟ್ಟು ತೆಗೆದು ನೋಡಿದೆ.
ಮೂರರಿಂದ ಹೋಯಿತು. ಉಳಿದದ್ದು ಏಳರಿಂದ ಹೋಗಲಿಲ್ಲ,
ಹನ್ನೊಂದಕ್ಕೂ ಜಪ್ಪಯ್ಯ ಅನ್ನಲಿಲ್ಲ.
ಹದಿಮೂರರಿಂದ ಭಾಗಿಸುತ್ತ, ಬೆರಳು ಮಡಚುತ್ತ
ತಲೆ ಎತ್ತಿದರೆ
ನನ್ನ ಸ್ಟಾಪು ಎಷ್ಟೋ ಹಿಂದೆ ಉಳಿದಿತ್ತು.